ಏಳೂವರೆ ಎಂದರೆ ಯಾವ ಏಳೂವರೆ

ನಾನು ಆ ಷೆಡ್ಡಿಗೆ ಕಾಲಿಟ್ಟಾಗ ಎಂಜಿನ್ ಓಡುತ್ತಿತ್ತು, ಕೆಲಸ ಮಾತ್ರ ನಿಂತಿತ್ತು. ನೊಣವಿನಕೆರೆಯಿಂದ ತುರುವೇಕೆರೆ ಕಡೆಗೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವೆ ಷೀಟು ಹೊದಿಸಿದ ಉದ್ದನೆಯ ಷೆಡ್ಡು. ಒಳಗೆ ಕಾಯಿಮಟ್ಟೆಯನ್ನು, ಅಂದರೆ ತೆಂಗಿನಕಾಯಿಯ ಸಿಪ್ಪೆಯನ್ನು, ಬಡಿದು ನಾರು ಬಿಡಿಸುವ ಯಂತ್ರ, ಅದಕ್ಕೆ ಬೆಲ್ಟ್ ಹಾಕಿ ಜೋಡಿಸಿದ ಡೀಸೆಲ್ ಎಂಜಿನ್. ಸುತ್ತ ಆ ಊರಿನ ಮಹಿಳಾ ನಾರು ಸಂಘದ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಕಟ್ಟಿಕೊಂಡು ನಿಂತಿದ್ದರು.

"ಒಂದ್ಸಲ ತುಂಬಿ ತೋರಿಸ್ತೀವಿ, ನೀವೇ ನೋಡ್ರಿ ಮೇಡಮ್ಮ," ಎಂದರು ಸಂಘದ ಅಧ್ಯಕ್ಷೆ. ಐವತ್ತು ದಾಟಿದ, ತೆಳ್ಳನೆಯ, ಗಟ್ಟಿ ದನಿಯ ಹೆಂಗಸು. ನೆನೆಸಿದ ಮಟ್ಟೆಗಳನ್ನು ಇಬ್ಬರು ಯಂತ್ರದ ಬಾಯಿಗೆ ಕೊಟ್ಟರು. ಉರುಳೆ ಹಲ್ಲು ಕಚ್ಚಿತು. ಎಂಜಿನ್ನಿನ ಸದ್ದು ಇಳಿಯಿತು, ಕೊಳವೆಯಿಂದ ಕರಿ ಹೊಗೆ ನುಗ್ಗಿತು, ಎಂಜಿನ್ ಕೆಮ್ಮಿದಂತೆ ಮಾಡಿ ನಿಂತೇಬಿಟ್ಟಿತು.

"ಹಿಂಗೇ ಕಣವ್ವ. ಬಂದ ದಿನದಿಂದ್ಲೂ ಹಿಂಗೇಯ."

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದೆ. ಕೈಗಾರಿಕಾ ಇಲಾಖೆಯವರು ಇಂಥ ಸಂಘಗಳ ಯಂತ್ರಗಳನ್ನು ನೋಡಿಕೊಳ್ಳಲು ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಅವರು ಹೆಂಗಸನ್ನು ಹುಡುಕಿದ್ದಕ್ಕೆ ಕಾರಣ ಬೇರೆ. ಹೆಂಗಸರಿಗೆ ಯಂತ್ರ ನಡೆಸಲು ಬರುವುದಿಲ್ಲ ಎಂದು ಒಬ್ಬ ಹೆಂಗಸೇ ಬರೆದುಕೊಟ್ಟರೆ ಯಾರೂ ಎದುರು ಮಾತಾಡುವುದಿಲ್ಲ. ಇದು ನನ್ನ ಊಹೆಯಲ್ಲ. ಷೆಡ್ಡಿನಿಂದ ಕಚೇರಿಗೆ ಹೋದಾಗ ನನ್ನ ಮೇಲಿನ ಅಧಿಕಾರಿ, ನಾವು ಸಾಹೇಬರು ಎನ್ನುತ್ತಿದ್ದವರು, ಅದನ್ನು ಬಾಯಿಬಿಟ್ಟೇ ಹೇಳಿದರು.

"ನೋಡಮ್ಮ, ಯಂತ್ರದ ಮೇಲೆ ಏಳೂವರೆ ಅಂತಿದೆ. ಎಂಜಿನ್ ಮೇಲೂ ಏಳೂವರೆ ಅಂತಿದೆ. ಯಂತ್ರ ಕೇಳಿದ್ದನ್ನ ನಾನು ಕೊಟ್ಟಿದ್ದೀನಿ. ಇನ್ನೇನು ತಪ್ಪಿರೋಕೆ ಸಾಧ್ಯ? ಆ ಹೆಂಗಸರು ಒಂದೇ ಸಲಕ್ಕೆ ತುರುಕ್ತಾರೆ. ಅವರ ಕೈಲಿ ಆಗಲ್ಲ ಅಂತ ಬರೆದುಕೊಡು. ಷೆಡ್ಡು ಖಾಲಿ ಬಿದ್ದಿರೋ ಬದಲು ಕಾಂಟ್ರಾಕ್ಟರಿಗೆ ವಹಿಸೋಣ."

ಷೆಡ್ಡು ಹೋದರೆ ಆ ಹೆಂಗಸರು ಹಿಂದಿನಂತೆ ಕೆರೆ ನೀರಿನಲ್ಲಿ ತಿಂಗಳುಗಟ್ಟಲೆ ಮಟ್ಟೆ ಕೊಳೆಸಿ, ಕೊಡತಿಯಿಂದ ಬಡಿದು ನಾರು ತೆಗೆಯಬೇಕು. ಅವರ ಅಂಗೈಗಳನ್ನು ನೋಡಿದವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಷೆಡ್ಡಿಗೆ ಮರಳಿ ಎರಡೂ ತಗಡಿನ ಫಲಕಗಳನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಸಾಹೇಬರು ಹೇಳಿದ್ದು ಸರಿಯೇ, ಎರಡರ ಮೇಲೂ ಏಳೂವರೆ. ಆದರೆ ಯಂತ್ರದ ಮೇಲೆ ಇದ್ದದ್ದು ಏಳೂವರೆ ಕಿಲೋವ್ಯಾಟ್. ಎಂಜಿನ್ ಮೇಲೆ ಇದ್ದದ್ದು ಏಳೂವರೆ ಎಚ್.ಪಿ., ಅಂದರೆ ಅಶ್ವಶಕ್ತಿ.

ಅಧ್ಯಕ್ಷೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನನ್ನ ಮುಖ ನೋಡುತ್ತಿದ್ದರು. "ಏನವ್ವ ಅದು?"

"ಮೂಟೆ ಲೆಕ್ಕ ಅಂದ್ಕೊಳಿ," ಎಂದೆ. "ಏಳೂವರೆ ಮೂಟೆ ಬೇಕು ಅಂದಿದೆ ಈ ಯಂತ್ರ. ಅದು ಕೇಳಿದ್ದು ಕೊಬ್ಬರಿ ಮೂಟೆ. ಕೊಟ್ಟಿರೋದು ನಾರಿನ ಮೂಟೆ. ಲೆಕ್ಕಕ್ಕೆ ಎರಡೂ ಏಳೂವರೆ. ತೂಕ ಒಂದೇ ಅಲ್ಲ."

ಅವರು ಎರಡು ಫಲಕಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು. "ಅಂಗಾದ್ರೆ ನಮ್ಮ ಕೈ ತಪ್ಪಲ್ಲ."

"ಅಲ್ಲ."

"ಅದನ್ನ ಅವರ ಬಾಯಲ್ಲಿ ಹೇಳಿಸ್ಬೇಕು ಕಣವ್ವ. ನೀನು ಹೇಳಿದ್ರೆ ಸಾಲಲ್ಲ."

ನಾನು ಇನ್ನೂ ನಂಬಿದ್ದೆ, ಹೇಳಿದರೆ ಸಾಕೆಂದು. ಓದಿದ ಪುಸ್ತಕ ಹಿಡಿದು ಕಚೇರಿಗೆ ಹೋದೆ. ಒಂದು ಅಶ್ವಶಕ್ತಿ ಎಂದರೆ ಎಪ್ಪತ್ತೈದು ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿ, ಒಂದು ಕಿಲೋವ್ಯಾಟ್ ಎಂದರೆ ಅಷ್ಟೇ ಹೊತ್ತಿನಲ್ಲಿ ಅಷ್ಟೇ ಎತ್ತರಕ್ಕೆ ನೂರಾ ಎರಡು ಕಿಲೋ ಎತ್ತುವ ಶಕ್ತಿ ಎಂದು ವಿವರಿಸಿದೆ. ಏಳೂವರೆ ಕಿಲೋವ್ಯಾಟಿಗೆ ಹತ್ತು ಎಚ್.ಪಿ. ಬೇಕು, ನಮ್ಮಲ್ಲಿರುವ ಎಂಜಿನ್ ಕಿಲೋವ್ಯಾಟ್ ಲೆಕ್ಕದಲ್ಲಿ ಐದೂವರೆಯನ್ನು ದಾಟಿದರೆ ಹೆಚ್ಚು ಎಂದೆ. ಎಂಜಿನ್ ಸರಬರಾಜು ಮಾಡಿದವರ ಮೆಕ್ಯಾನಿಕ್ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ನಕ್ಕ.

"ಪುಸ್ತಕದ ಎಚ್.ಪಿ. ಬೇರೆ ಮೇಡಂ, ನಮ್ಮದು ಬ್ರಿಟಿಷ್ ಎಚ್.ಪಿ. ದೊಡ್ಡದು. ಮೇಲಾಗಿ ನಾವು ಬರೆಯೋದು ಕಮ್ಮಿ, ಎಳೆಯೋದು ಜಾಸ್ತಿ. ಆ ಹೆಂಗಸರು ಓಡಿಸಿ ಓಡಿಸಿ ಎಂಜಿನ್ ಹಾಳು ಮಾಡವ್ರೆ, ಅಷ್ಟೇಯ."

"ಬ್ರಿಟಿಷ್ ಎಚ್.ಪಿ. ಎಪ್ಪತ್ತಾರು ಕಿಲೋ ಎತ್ತುತ್ತೆ. ಎಪ್ಪತ್ತೈದಕ್ಕೂ ಎಪ್ಪತ್ತಾರಕ್ಕೂ ನಡುವೆ ನಮಗೆ ಬೇಕಾದ ಎರಡೂವರೆ ಎಚ್.ಪಿ. ಬಚ್ಚಿಟ್ಕೊಂಡಿಲ್ಲ," ಎಂದೆ.

ಸಾಹೇಬರು ಕೈ ಎತ್ತಿದರು. "ಕಾಗದದ ಮೇಲೆ ಯಾರು ಏನು ಬೇಕಾದ್ರೂ ತೋರಿಸಬಹುದಮ್ಮ. ಎಂಜಿನ್ ಎಷ್ಟು ಎಳೆಯುತ್ತೆ ಅಂತ ನಿನಗೆ ಹೇಗೆ ಗೊತ್ತು? ಅಳೆದು ನೋಡಿದ್ದೀಯಾ?"

ಅಳೆದಿರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಅವಮಾನಕ್ಕಿಂತ ಹೆಚ್ಚಾಗಿ ಆ ಪ್ರಶ್ನೆಯೇ ತಲೆಯಲ್ಲಿ ತಿರುಗುತ್ತಿತ್ತು. ಅವರು ನನ್ನನ್ನು ಸುಮ್ಮನಾಗಿಸಲು ಕೇಳಿದ್ದರು. ನಾನು ಅದನ್ನು ಅಪ್ಪಣೆ ಎಂದೇ ತೆಗೆದುಕೊಂಡೆ.

ಎಂಜಿನ್ನಿನ ಶಕ್ತಿಯನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಹಗ್ಗದ ಬ್ರೇಕು ಸಾಕು. ತಿರುಗುವ ಗಾಲಿಯ ಅಂಚಿಗೆ ಹಗ್ಗವನ್ನು ಒಂದು ಸುತ್ತು ಸುತ್ತಬೇಕು. ಒಂದು ತುದಿಗೆ ತೂಕದ ಕಲ್ಲು ನೇತುಹಾಕಿ, ಇನ್ನೊಂದು ತುದಿಯನ್ನು ಮೇಲಿನ ತೊಲೆಗೆ ಸ್ಪ್ರಿಂಗ್ ತಕ್ಕಡಿಯ ಮೂಲಕ ಕಟ್ಟಬೇಕು. ಗಾಲಿ ತಿರುಗುತ್ತ ಕಲ್ಲನ್ನು ಎತ್ತಲು ನೋಡುತ್ತದೆ, ಹಗ್ಗ ಗಾಲಿಯನ್ನು ತಡೆಯುತ್ತದೆ. ಕಲ್ಲಿನ ತೂಕದಲ್ಲಿ ತಕ್ಕಡಿ ತೋರಿಸುವುದನ್ನು ಕಳೆದರೆ ಎಂಜಿನ್ ನಿಜವಾಗಿ ಎಳೆಯುತ್ತಿರುವ ಭಾರ ಸಿಗುತ್ತದೆ. ಗಾಲಿಯ ಅಂಚು ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೆ ಎಂಬುದರಿಂದ ಆ ಭಾರವನ್ನು ಗುಣಿಸಿದರೆ ಮುಗಿಯಿತು. ಎಪ್ಪತ್ತೈದರಿಂದ ಭಾಗಿಸಿದರೆ ಅಶ್ವಶಕ್ತಿ, ನೂರಾ ಎರಡರಿಂದ ಭಾಗಿಸಿದರೆ ಕಿಲೋವ್ಯಾಟ್.

ತೂಕದ ಕಲ್ಲು ಮತ್ತು ತಕ್ಕಡಿಯನ್ನು ತಿಪಟೂರಿನ ಒಬ್ಬ ಕೊಬ್ಬರಿ ವ್ಯಾಪಾರಿ ಕೊಟ್ಟರು. ಏಕೆಂದು ಕೇಳಿ, ಉತ್ತರ ಕೇಳಿಸಿಕೊಂಡು, "ಎಂಜಿನ್ನನ್ನ ತೂಗ್ತೀರಾ? ತೂಗಿ ತೂಗಿ. ಕಲ್ಲು ಒಡೀದಂಗೆ ವಾಪಸ್ ತನ್ನಿ," ಎಂದರು. ಶಾಫ್ಟಿನ ತುದಿಗೆ ಒತ್ತಿ ಹಿಡಿದು ಸುತ್ತು ಎಣಿಸುವ ಸಣ್ಣ ಕೌಂಟರ್ ಒಂದು ಬೇಕಿತ್ತು. ನನಗೆ ಪಾಠ ಹೇಳಿದ್ದ ಲೆಕ್ಚರರ್ ತಮ್ಮ ಸ್ವಂತದ್ದನ್ನೇ ಕೈಗಿಟ್ಟರು.

ಹಗ್ಗ ಮಾತ್ರ ನಾವೇ ಮಾಡಿಕೊಂಡಿದ್ದೆವು. ನಾರು ಸಂಘದವರಲ್ಲವೇ, ಹೆಬ್ಬೆರಳು ಗಾತ್ರದ ನಾರಿನ ಹಗ್ಗ ಹೊಸೆದುಕೊಟ್ಟರು. ಯಂತ್ರದ ಬೆಲ್ಟ್ ಕಳಚಿ, ಹಗ್ಗ ಕಟ್ಟಿ, ಎಂಜಿನ್ ಹಚ್ಚಿದೆವು. ಕಲ್ಲು ನೆಲ ಬಿಡುತ್ತಿದ್ದಂತೆ ಹಗ್ಗದಿಂದ ಹೊಗೆ ಎದ್ದಿತು. ನಾನು ತಕ್ಕಡಿಯ ಮುಳ್ಳನ್ನು ಓದುವ ಮೊದಲೇ ಹಗ್ಗ ಕಪ್ಪಾಗಿ ಪಟ್ಟೆಂದು ತುಂಡಾಯಿತು. ಕಲ್ಲು ಧಡಾರನೆ ನೆಲಕ್ಕೆ ಬಿತ್ತು. ಅಧ್ಯಕ್ಷೆಯ ಕಾಲ ಬೆರಳು ಒಂದು ಗೇಣಿನಲ್ಲಿ ಉಳಿಯಿತು.

ಓಡಿಹೋಗಿ ಎಂಜಿನ್ ನಿಲ್ಲಿಸಿದೆ. ಇದನ್ನು ಇಲ್ಲಿಗೇ ಬಿಡೋಣ ಎಂದು ನಾನು ಹೇಳುವುದರಲ್ಲಿದ್ದೆ.

"ಕಾಲು ಹೋಗಿಲ್ಲ, ಬುಡು," ಎಂದರು ಅಧ್ಯಕ್ಷೆ. "ನಾರು ಒಣಗ್ಲು. ಉರಿ ತಡೀಕಿಲ್ಲ. ನೂಲಿನ ಹಗ್ಗ ತತ್ತೀನಿ, ನೀರಲ್ಲಿ ಅದ್ದಿ ಕಟ್ಟಾನ."

ಎತ್ತಿಗೆ ಹಾಕುವ ದಪ್ಪ ನೂಲಿನ ಹಗ್ಗ ಬಂತು. ಅದು ಗಾಲಿಯಿಂದ ಜಾರದಂತೆ ಅಲ್ಲಲ್ಲಿ ಮರದ ತುಂಡು ಕಟ್ಟಿದೆವು. ಕಲ್ಲಿಗೆ ಒಂದು ಸಡಿಲ ಸರಪಳಿ ಹಾಕಿ ನೆಲದ ಗೂಟಕ್ಕೆ ಬಿಗಿದೆವು, ಹಗ್ಗ ತುಂಡಾದರೂ ಕಲ್ಲು ಯಾರ ಮೇಲೂ ಹಾರಬಾರದೆಂದು. ತಳ ತೂತಾದ ಕೊಡದಿಂದ ಗಾಲಿಯ ಮೇಲೆ ಸಣ್ಣಗೆ ನೀರು ಬೀಳುವಂತೆ ಒಬ್ಬರು ಹಿಡಿದುಕೊಂಡರು. ಈ ಸಲ ಹೊಗೆಯ ಬದಲು ಹಬೆ ಎದ್ದಿತು. ತಕ್ಕಡಿಯ ಮುಳ್ಳು ಕುಣಿದು ಕುಣಿದು ಒಂದು ಕಡೆ ನಿಂತಿತು.

ಎಂಜಿನ್ನಿನ ವೇಗ ನಿಮಿಷಕ್ಕೆ ಎಂಟುನೂರ ಐವತ್ತು ಸುತ್ತು ಇರಬೇಕು. ಆ ವೇಗದಲ್ಲಿ ಗಾಲಿಯ ಅಂಚು ಸೆಕೆಂಡಿಗೆ ಇಪ್ಪತ್ತೇಳೂವರೆ ಮೀಟರಿಗಿಂತ ತುಸು ಹೆಚ್ಚು ಓಡುತ್ತಿತ್ತು. ಅಷ್ಟು ವೇಗ ಕಾಯ್ದುಕೊಂಡು ಅದು ಎಳೆದದ್ದು ಹದಿನಾರು ಕಿಲೋ. ಮೇಲೆ ಕಲ್ಲಿಟ್ಟರೆ ಕುಸಿಯುತ್ತಿತ್ತು. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಲೆಕ್ಕ ಹಾಕಿದೆ. ಆರು ಅಶ್ವಶಕ್ತಿಗೂ ಮುಟ್ಟಲಿಲ್ಲ.

ಇದು ನಾನು ಕಾದಿದ್ದ ಉತ್ತರವಲ್ಲ. ಏಳೂವರೆ ಬರಬೇಕಿತ್ತು. ಹೀಗೇ ತೋರಿಸಿದರೆ ಮೆಕ್ಯಾನಿಕ್‌ನ ಮಾತೇ ನಿಜವಾಗುತ್ತದೆ, ಹೆಂಗಸರು ಎಂಜಿನ್ ಹಾಳು ಮಾಡಿದರು ಎಂದು. ಒಂದೊಂದಾಗಿ ಬಿಚ್ಚುತ್ತ ಹೋದೆ. ಡೀಸೆಲ್ ಪಂಪು ಸರಿಯಿತ್ತು, ವಾಲ್ವುಗಳು ಸರಿಯಿದ್ದವು. ಕೊನೆಗೆ ಗಾಳಿ ಸೋಸುವ ಡಬ್ಬಿಯ ಮುಚ್ಚಳ ತೆಗೆದೆ. ಒಳಗಿನ ಎಣ್ಣೆ ಕಾಣಿಸಲೇ ಇಲ್ಲ. ನಾರಿನ ಪುಡಿ ಅದರಲ್ಲಿ ಕಲಸಿ ಕಂದು ಬಣ್ಣದ ಮುದ್ದೆಯಾಗಿತ್ತು. ಎಂಜಿನ್ನನ್ನು ಕೂರಿಸಿದವರು ಅದರ ಮೂಗನ್ನು ಯಂತ್ರದ ಪುಡಿ ಹಾರುವ ಕಡೆಗೇ ಇಟ್ಟಿದ್ದರು. ಪಾಪ, ಅದು ಉಸಿರು ಕಟ್ಟಿಕೊಂಡು ದುಡಿಯುತ್ತಿತ್ತು.

ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ತುಂಬಿ, ಒಂದು ಕೊಳವೆ ಜೋಡಿಸಿ ಗೋಡೆಯ ಆಚೆಯಿಂದ ಗಾಳಿ ಬರುವಂತೆ ಮಾಡಿದೆವು. ಮತ್ತೆ ಹಗ್ಗ, ಮತ್ತೆ ನೀರು. ಈಗ ಎಂಜಿನ್ ಇಪ್ಪತ್ತೂವರೆ ಕಿಲೋ ಎಳೆಯಿತು, ವೇಗ ಬೀಳಲಿಲ್ಲ. ಭಾಗಿಸಿದೆ. ಏಳೂವರೆ ಎಚ್.ಪಿ., ಕೂದಲೆಳೆಯಷ್ಟು ಮೇಲೆ. ಕಿಲೋವ್ಯಾಟಿನಲ್ಲಿ ಐದೂವರೆ.

ಬೆಲ್ಟ್ ಹಾಕಿ ಮಟ್ಟೆ ತುಂಬಿ ನೋಡಿದೆವು. ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಏಗಿತು, ಆಮೇಲೆ ನಿಂತಿತು. ಅಂದರೆ ಎಂಜಿನ್ ಹುಷಾರಾಗಿತ್ತು. ಯಂತ್ರಕ್ಕೆ ಸಾಲದು, ಅಷ್ಟೆ.

ಮರುವಾರ ಸಾಹೇಬರನ್ನೂ ಮೆಕ್ಯಾನಿಕ್‌ನನ್ನೂ ಕರೆಸಿದೆವು. ಸಾಹೇಬರು ಬಂದದ್ದು ನನ್ನ ಕರೆಗಲ್ಲ, ಇಪ್ಪತ್ತು ಹೆಂಗಸರು ಕಚೇರಿ ಮೆಟ್ಟಿಲ ಮೇಲೆ ಹೋಗಿ ಕೂತಿದ್ದಕ್ಕೆ. ಅವರ ಕಣ್ಣೆದುರೇ ಎಂಜಿನ್ ಹಚ್ಚಿ, ಇಪ್ಪತ್ತೂವರೆ ಕಿಲೋ ಎಳೆಯುವುದನ್ನು ತೋರಿಸಿದೆ. ಮೆಕ್ಯಾನಿಕ್ ತಾನೇ ಕೌಂಟರ್ ಹಿಡಿದು ಸುತ್ತು ಎಣಿಸಿದ, ತಾನೇ ಮುಳ್ಳು ಓದಿದ.

"ಯಂತ್ರ ಕೇಳೋ ಏಳೂವರೆ ಕಿಲೋವ್ಯಾಟಿಗೆ ಇದೇ ವೇಗದಲ್ಲಿ ಇಪ್ಪತ್ತೆಂಟು ಕಿಲೋ ಎಳೀಬೇಕು," ಎಂದೆ. "ಈಗ ಅಷ್ಟು ಇಡ್ತೀವಿ."

ಅಧ್ಯಕ್ಷೆ ಒಂದೊಂದೇ ಕಲ್ಲು ಇಟ್ಟರು. ಇಪ್ಪತ್ತನಾಲ್ಕು ದಾಟುವ ಮೊದಲೇ ಕರಿ ಹೊಗೆ ಷೆಡ್ಡನ್ನೆಲ್ಲ ತುಂಬಿ ಎಂಜಿನ್ ನಿಂತಿತು. ಆ ನಿಶ್ಶಬ್ದದಲ್ಲಿ ಗಾಲಿಯ ಮೇಲಿಂದ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

ಸಾಹೇಬರು ನನ್ನನ್ನು ಹೊರಗೆ ತೆಂಗಿನ ಮರದ ನೆರಳಿಗೆ ಕರೆದರು. ದನಿ ಮೆತ್ತಗಾಗಿತ್ತು. "ನಾನು ಏಳೂವರೆ ಅಂತಷ್ಟೇ ಕೇಳಿದ್ದೆನಮ್ಮ. ಕಿಲೋವ್ಯಾಟು ಗಿಲೋವ್ಯಾಟು ಅಂತ ಬರೆಸಲಿಲ್ಲ. ಅದು ಮೇಲೆ ಹೋದರೆ ನನ್ನ ತಲೆಗೆ ಬರುತ್ತೆ. ಒಂದು ಕೆಲಸ ಮಾಡು. ಎಂಜಿನ್ ಕೆಟ್ಟಿದೆ ಅಂತ ಬರೆದುಕೊಡು. ಇವರು ಬದಲಾಯಿಸಿ ಕೊಡ್ತಾರೆ. ಹೆಂಗಸರ ಮೇಲೂ ತಪ್ಪು ಬರಲ್ಲ, ನನ್ನ ಮೇಲೂ ಬರಲ್ಲ. ನಿನ್ನ ಕೆಲಸಾನೂ ಉಳಿಯುತ್ತೆ."

ಆ ಗಳಿಗೆಯಲ್ಲಿ ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಎಲ್ಲರೂ ಪಾರಾಗುವ ದಾರಿ ಅದು. ಆದರೆ ಬದಲಾಗಿ ಬರುವ ಎಂಜಿನ್ ಯಾವುದು? ಮತ್ತೊಂದು ಏಳೂವರೆ ಎಚ್.ಪಿ. ಅದೂ ನಿಲ್ಲುತ್ತದೆ. ಆಗ ಹೆಂಗಸರು ಎರಡು ಎಂಜಿನ್ ಹಾಳು ಮಾಡಿದರು ಎಂದಾಗುತ್ತದೆ. ಮೇಲಾಗಿ ಆ ಎಂಜಿನ್ ಕೆಟ್ಟಿರಲಿಲ್ಲ. ತನ್ನ ಮೇಲೆ ಬರೆದಷ್ಟನ್ನೂ ಅದು ಪ್ರಾಮಾಣಿಕವಾಗಿ ಎಳೆದು ತೋರಿಸಿತ್ತು.

"ಕೆಟ್ಟಿದೆ ಅಂತ ಬರೆಯಲ್ಲ ಸಾರ್," ಎಂದೆ. "ಎಂಜಿನ್ ಸರಿಯಾಗಿದೆ, ಹೆಂಗಸರೂ ಸರಿಯಾಗಿದ್ದಾರೆ, ಕೇಳಿದ ಅಳತೆ ತಪ್ಪು ಅಂತ ಬರೀತೀನಿ. ಹತ್ತು ಎಚ್.ಪಿ. ಬೇಕು ಅಂತ ಬರೀತೀನಿ."

"ಹಾಗಿದ್ರೆ ನಿನ್ನ ಜಾಗಕ್ಕೆ ಬೇರೆಯವರು ಬರ್ತಾರೆ."

"ಬರಲಿ ಸಾರ್. ಬಂದವರು ಭಾಗಿಸಿದ್ರೂ ಐದೂವರೇನೇ ಬರೋದು."

ಅವರು ಜೀಪು ಹತ್ತಿ ಹೋದರು. ಮೆಕ್ಯಾನಿಕ್ ಹೋಗುವ ಮೊದಲು ಕೊನೆಯ ಮಾತೊಂದನ್ನು ಎಸೆದ. "ಎಂಜಿನ್ ವಿಷಯ ಬಿಡಿ ಮೇಡಂ. ಯಂತ್ರಕ್ಕೆ ಅಷ್ಟೆಲ್ಲ ಬೇಡ. ಹತ್ತು ಎಚ್.ಪಿ. ಕೊಟ್ರೂ ಇವರ ಕೈಲಿ ಓಡಲ್ಲ."

ಅಧ್ಯಕ್ಷೆ ಅದನ್ನು ಕೇಳಿಸಿಕೊಂಡರು. ಹಗ್ಗ ಸುತ್ತಿಡುತ್ತಿದ್ದವರು ನಿಲ್ಲಿಸಿ ಕೇಳಿದರು, "ಹತ್ತರದ್ದು ಯಾರ ತೋಟದಾಗೈತೆ?"

ಬಿಳಿಗೆರೆ ಕಡೆಯ ಒಬ್ಬ ತೋಟದವರಲ್ಲಿತ್ತು. ಬಾವಿಯಿಂದ ನೀರೆತ್ತುವ ಹತ್ತು ಎಚ್.ಪಿ. ಎಂಜಿನ್, ಗಾಡಿಯ ಮೇಲೆ ಕೂರಿಸಿದ್ದು. ಅವರ ಹೆಂಡತಿ ಅಧ್ಯಕ್ಷೆಯ ತವರಿನ ಕಡೆಯವರು. ಹೊಸ ಮಳೆ ಬಿದ್ದು ತೋಟಕ್ಕೆ ನೀರು ಬೇಡದ ದಿನಗಳು. ಎತ್ತು ಕಟ್ಟಿ ಗಾಡಿಯನ್ನು ನಮ್ಮ ಷೆಡ್ಡಿನವರೆಗೆ ತಂದರು. ಕೆಸರಿನಲ್ಲಿ ಗಾಲಿ ಹೂತಲ್ಲಿ ಹೆಂಗಸರು ಹಿಂದಿನಿಂದ ಭುಜ ಕೊಟ್ಟರು. ನಾನು ಮೊದಲು ಹಗ್ಗ ಕಟ್ಟಿ ತೂಗಿದೆ. ಅದರ ಗಾಲಿಯ ಅಳತೆಯೂ ವೇಗವೂ ನಮ್ಮದರಷ್ಟೇ ಇತ್ತು, ಇಪ್ಪತ್ತೆಂಟು ಕಿಲೋಗೆ ಸಮನಾಗಿ ಎಳೆಯಿತು. ಆಮೇಲೆ ಬೆಲ್ಟ್ ಹಾಕಿದೆವು.

ಮಟ್ಟೆ ತುಂಬಿದರು. ಉರುಳೆ ಕಚ್ಚಿತು. ಸದ್ದು ಒಂದಿಷ್ಟು ಗಡುಸಾಯಿತು, ಇಳಿಯಲಿಲ್ಲ. ಇನ್ನೊಂದು ಬದಿಯಿಂದ ಹೊಂಬಣ್ಣದ ನಾರು ಜೊಂಪೆ ಜೊಂಪೆಯಾಗಿ ಬಂದು ಬಿತ್ತು. ತುಂಬುವವರು ತುಂಬುತ್ತಲೇ ಹೋದರು. ಹೊರಗೆ ನಾರು ಹರಡುವವರ ಕೈ ಸಾಲದೆ ರಾಶಿ ಬಾಗಿಲಿಗೆ ಬಂತು.

ಹೀಗೆ ಓಡುತ್ತಿದ್ದಾಗಲೇ ಜೀಪು ಬಂತು. ಸಾಹೇಬರು ಷೆಡ್ಡು ತೋರಿಸಲೆಂದು ಕಾಂಟ್ರಾಕ್ಟರನ್ನು ಕರೆತಂದಿದ್ದರು. ಆತ ಬಾಗಿಲಲ್ಲಿ ನಿಂತು, ನಾರಿನ ಒಂದು ಹಿಡಿ ಎತ್ತಿ, ಎಳೆದು ನೋಡಿ, ಸಾಹೇಬರ ಕಡೆ ತಿರುಗಿದ.

"ಓಡ್ತಾ ಇರೋ ಮಿಲ್ಲನ್ನ ನನಗ್ಯಾಕೆ ತೋರಿಸ್ತೀರಿ ಸ್ವಾಮಿ? ಇವರು ಚೆನ್ನಾಗೇ ಮಾಡ್ತಾವ್ರಲ್ಲ."

ಸಾಹೇಬರು ಗಾಡಿಯ ಮೇಲಿನ ಎಂಜಿನ್ನನ್ನು ನೋಡಿದರು, ಅದರ ಫಲಕದ ಮೇಲಿನ ಹತ್ತನ್ನು ನೋಡಿದರು. ಅಧ್ಯಕ್ಷೆ ಕೈಯಲ್ಲಿದ್ದ ಮಟ್ಟೆಯನ್ನು ಯಂತ್ರಕ್ಕೆ ಕೊಟ್ಟು, ಕೈ ಒರೆಸಿಕೊಂಡು ಅವರೆದುರು ಬಂದು ನಿಂತರು. "ನಮ್ಮ ಕೈಲಿ ಆಗಲ್ಲ ಅಂದಿದ್ರಂತೆ. ಆಯ್ತಾ ಐತಲ್ರೀ ಸಾಮಿ. ಈಗ ಹೇಳಿ, ಏನಾಗಿತ್ತು?"

ಯಂತ್ರದ ಸದ್ದಿನ ನಡುವೆ ಸಾಹೇಬರ ದನಿ ಸರಿಯಾಗಿ ಕೇಳಿಸಲಿಲ್ಲ. ಅಧ್ಯಕ್ಷೆ ಕಿವಿಗೆ ಕೈ ಹಚ್ಚಿದರು. ಸಾಹೇಬರು ಇನ್ನೊಮ್ಮೆ, ಜೋರಾಗಿ ಹೇಳಬೇಕಾಯಿತು. "ಎಂಜಿನ್ ಸಾಲದಾಗಿತ್ತು ಅಂದೆ."

ನಾನು ಬರೆದುಕೊಟ್ಟಂತೆ ಹತ್ತು ಎಚ್.ಪಿ. ಎಂಜಿನ್ ಮಂಜೂರಾಯಿತು. ಅದಕ್ಕಿಂತ ಮೊದಲೇ ನನಗೊಂದು ಮೆಮೋ ಬಂತು. ಮೇಲಿನವರ ಅನುಮತಿಯಿಲ್ಲದೆ ಸಂಘದ ಎಂಜಿನ್ನನ್ನು ಪರೀಕ್ಷೆಗೆ ಒಳಪಡಿಸಿದ್ದೇಕೆ, ಇನ್ನು ಮುಂದೆ ಹಾಗೆ ಮಾಡಕೂಡದು ಎಂದು. ಜೊತೆಯಲ್ಲೇ ಚಿಕ್ಕನಾಯಕನಹಳ್ಳಿಗೆ ವರ್ಗ. ಅಳೆದು ನೋಡಿದ್ದೀಯಾ ಎಂದು ತಾವೇ ಕೇಳಿದ್ದಿರಿ, ಅಳೆದೆ ಎಂದು ಉತ್ತರ ಬರೆದೆ. ಅದಕ್ಕೆ ಮರು ಉತ್ತರ ಬರಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ.

ಹೊಸ ಎಂಜಿನ್ ಬರುವ ಸುದ್ದಿಯನ್ನು ಬಸ್ಸಿನ ಕಂಡಕ್ಟರ್ ಕೈಲಿ ಅಧ್ಯಕ್ಷೆ ಹೇಳಿಕಳಿಸಿದರು. ಸುತ್ತು ಎಣಿಸೋದನ್ನ ತಗೊಂಡು ಬಾ ಎಂಬುದಷ್ಟೇ ಸಂದೇಶ. ಯಾರ ಅನುಮತಿಯನ್ನೂ ಕೇಳಲು ಹೋಗಲಿಲ್ಲ. ಕೌಂಟರನ್ನು ಚೀಲಕ್ಕೆ ಹಾಕಿಕೊಂಡು, ಒಂದು ದಿನದ ರಜೆ ಚೀಟಿ ಮೇಜಿನ ಮೇಲಿಟ್ಟು ಹೊರಟೆ.

ನಾನು ತಲುಪಿದಾಗ ಎಂಜಿನ್ ಇಳಿಸಿ ಕೂರಿಸಿಯಾಗಿತ್ತು, ಗಾಳಿಯ ಕೊಳವೆ ಗೋಡೆಯಾಚೆಗೆ ಹೋಗಿತ್ತು, ಹಿಂದಿನದೇ ಅಳತೆಯ ಗಾಲಿಗೆ ಒದ್ದೆ ಹಗ್ಗ ಸುತ್ತಿತ್ತು. ತಂದುಕೊಟ್ಟವನು ರಸೀದಿ ಹಿಡಿದು ಗೋಣಿಚೀಲದ ಮೇಲೆ ಕೂತಿದ್ದ. ನನ್ನ ಮುಖ ಕಂಡು ಎದ್ದ. "ಮೇಡಂ, ಸ್ವಲ್ಪ ಹೇಳಿ ಇವರಿಗೆ. ಕಂಪನಿಯವರು ಹತ್ತು ಅಂತ ಬರೆದವ್ರೆ. ಸೈನ್ ಹಾಕಲ್ಲ ಅಂತಾರೆ."

"ಬರೆದಿರೋದನ್ನ ಓದೋಕೆ ನಮಗೂ ಬರ್ತದೆ ಕಣಪ್ಪ," ಎಂದರು ಅಧ್ಯಕ್ಷೆ. "ಎಳೆಯೋದನ್ನ ನೋಡ್ಬೇಕು."

ಎಂಜಿನ್ ಹಚ್ಚಿದರು. ನಾನು ಕೌಂಟರ್ ಒತ್ತಿ ಹಿಡಿದೆ. ಹಬೆ ಎದ್ದಿತು, ಮುಳ್ಳು ಕುಣಿದು ನಿಂತಿತು. ಇಪ್ಪತ್ತು, ಇಪ್ಪತ್ತನಾಲ್ಕು, ಇಪ್ಪತ್ತೆಂಟು. ಸದ್ದು ಕದಲಲಿಲ್ಲ.

"ಆಯ್ತಲ್ಲಮ್ಮ, ಸಾಕಲ್ಲ?" ಎಂದು ಆತ ಪೆನ್ನು ಮುಂದೆ ಹಿಡಿದ.

ಅಧ್ಯಕ್ಷೆ ಪೆನ್ನನ್ನು ನೋಡಲಿಲ್ಲ. ಬಗ್ಗಿ, ನೆಲದಿಂದ ಇನ್ನೊಂದು ಕಲ್ಲು ಎತ್ತಿಕೊಂಡರು.

"ಇರಪ್ಪ," ಎಂದರು. "ಎಲ್ಲೀಗಂಟ ಎಳೀತದೋ ನೋಡಾನ."